ಆಯಿಗೆ ಒಪ್ಪಿಸಿದ ಪಾಠ

ವಿದ್ಯಾರ್ಥಿಗಳ ಈ ಪುಟದಲ್ಲಿ ಸಂಘದ ಮಕ್ಕಳು ತಾವು ಶಾಲೆಯಲ್ಲಿ ಕಲಿತುದನ್ನು ಸರದಿಯಂತೆ ಬರೆಯುವುದು ವಾಡಿಕೆ. ಈ ಸಲದ ಸರದಿ ನಮ್ಮದು. ನಾವೆಂದರೆ ಇಬ್ಬರು: ಹತ್ತನೆಯ ಇಯತ್ತೆಯ ಅಣ್ಣ, ಎಂಟನೆಯ ಇಯತ್ತೆಯ ತಂಗಿ. ವಿಜ್ಞಾನದ ವಿಷಯ ಬರೆಯಿರಿ ಎಂದು ಸಂಪಾದಕರು ಹೇಳಿದರು. ವಿಜ್ಞಾನದಲ್ಲಿ ನಮಗೆ ಅಂಕಗಳೇನೋ ಚೆನ್ನಾಗಿಯೇ ಬರುತ್ತವೆ. ಆದರೆ ಅಂಕ ಬಂದ ಪಾಠವೆಲ್ಲ ತಿಳಿದ ಪಾಠವಲ್ಲವೆಂಬುದು ಈ ಒಂದು ವರುಷದಲ್ಲಿ ನಮಗೆ ಮನದಟ್ಟಾಯಿತು. ಅದನ್ನು ಮನದಟ್ಟು ಮಾಡಿಸಿದವಳು ನಮ್ಮ ಆಯಿ.

ಆಯಿ ಎಂದರೆ ನಮ್ಮ ತಂದೆಯ ತಾಯಿ. ವಿಜಯಪುರದ ಕಡೆ ಅಜ್ಜಿಯನ್ನು ಹಾಗೆ ಕರೆಯುತ್ತೇವೆ. ಮಾಟುಂಗದ ನಮ್ಮ ನೆರೆಮನೆಯ ಮರಾಠಿ ಹುಡುಗರಿಗೆ ಇದೊಂದು ಸೋಜಿಗ. ಅವರಲ್ಲಿ ಆಯಿ ಎಂದರೆ ತಾಯಿ. "ನಿಮಗೆ ಇಬ್ಬರು ಆಯಿಯರೇ?" ಎಂದು ಕೇಳಿ ನಗುತ್ತಾರೆ. ಅಜ್ಜ ತೀರಿಕೊಂಡ ಮೇಲೆ ಕಳೆದ ವರುಷ ಜೂನ್ ತಿಂಗಳಲ್ಲಿ ಅಪ್ಪ ಆಕೆಯನ್ನು ಮುಂಬಯಿಗೆ ಕರೆತಂದರು. ನಾಲ್ಕನೆಯ ಮಾಳಿಗೆಯಲ್ಲಿ ಎರಡು ಕೋಣೆಯ ಮನೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ನಾವು ಶಾಲೆಗೆ ಹೋಗುವವರು. ಇಡೀ ಹಗಲು ಆಯಿ ಒಬ್ಬಳೇ.

ಸಂಜೆ ನಾವು ಚೀಲ ಇಳಿಸುವ ಹೊತ್ತಿಗೆ ಆಯಿ ಬಾಗಿಲಲ್ಲಿಯೇ ಕೇಳುತ್ತಿದ್ದಳು: "ಇವತ್ತ ಸಾಲ್ಯಾಗ ಏನ ಕಲತ್ರಿ?"

ನಾವು "ಏನೋ ಸೈನ್ಸ್, ಆಯಿ" ಎಂದು ಹೇಳಿ ಒಳಗೆ ನುಸುಳುತ್ತಿದ್ದೆವು. ನಮ್ಮದೇನೂ ಅಹಂಕಾರವಲ್ಲ. ನಮ್ಮ ಪಾಠವೆಲ್ಲ ಇಂಗ್ಲಿಷಿನಲ್ಲಿ, ಆಟವೆಲ್ಲ ಹಿಂದಿಯಲ್ಲಿ. ಕನ್ನಡ ಉಳಿದಿದ್ದುದು ಊಟ, ನಿದ್ದೆ, ಸ್ನಾನಗಳಿಗೆ ಮಾತ್ರ. ಹೇಳಬೇಕೆಂದರೂ ಮಾತು ಇರಲಿಲ್ಲ.

ಅಕ್ಟೋಬರದ ಒಂದು ರಾತ್ರಿ ನಾವು ಮಲಗಿದ್ದೇವೆಂದು ತಿಳಿದು ಆಯಿ ಅಪ್ಪನಿಗೆ ಹೇಳುತ್ತಿದ್ದಳು: "ಈ ಮನ್ಯಾಗ ನನಗ ಎಲ್ಲಾ ಅದ, ಮಾತು ಒಂದಿಲ್ಲ. ನನ್ನ ಊರಿಗೆ ಬಿಟ್ಟು ಬಾ." ಅಪ್ಪ ಏನೂ ಉತ್ತರಿಸಲಿಲ್ಲ. ನಮಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಮರುದಿನದಿಂದ ರಾತ್ರಿ ಊಟವಾದ ಬಳಿಕ ದಿನಕ್ಕೊಂದು ಪಾಠವನ್ನು ಆಯಿಗೆ ಕನ್ನಡದಲ್ಲಿ ಒಪ್ಪಿಸುವುದೆಂದು ನಾವು ನಿಶ್ಚಯಿಸಿದೆವು. ಅವುಗಳಲ್ಲಿ ಮೂರು ಪಾಠಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯದು ಹರವಿಯ ಪಾಠ. ಊರಲ್ಲಿ ನೀರು ತುಂಬಿಡುವ ಮಣ್ಣಿನ ಗಡಿಗೆಗೆ ಹರವಿ ಎನ್ನುತ್ತಾರೆ. ಆಯಿಗೆ ಶೀತಪೆಟ್ಟಿಗೆಯ ನೀರು ಸೇರದು. ಅಕ್ಟೋಬರದ ಸೆಕೆಯಲ್ಲಿ ಹರವಿಯೊಂದನ್ನು ತರಿಸಿ, ಕಿಟಕಿಯ ಹತ್ತಿರ ಮರಳಿನ ಮೇಲೆ ಕೂರಿಸಿ, ಸುತ್ತಲೂ ಒದ್ದೆ ಬಟ್ಟೆ ಸುತ್ತಿದಳು. ಆದರೂ ನೀರು ಊರಿನಷ್ಟು ತಣ್ಣಗಾಗಲಿಲ್ಲ. "ಈ ಊರ ಮಣ್ಣ ಛಲೋ ಇಲ್ಲ" ಎಂದು ಕುಂಬಾರನನ್ನು ಬಯ್ದಳು.

ಆವಿಯಾಗುವಿಕೆಯ ಪಾಠ ನಮಗಿಬ್ಬರಿಗೂ ಆಗಿತ್ತು. ತಂಗಿ ಆ ಪ್ರಶ್ನೆಗೆ ಪೂರ್ಣ ಅಂಕ ಪಡೆದವಳು. ಪುಸ್ತಕದ ವಾಕ್ಯವನ್ನು ಇಂಗ್ಲಿಷಿನಲ್ಲಿ ಗಡಗಡನೆ ಹೇಳಿದಳು. ಕನ್ನಡದಲ್ಲಿ ಹೇಳಹೋಗಿ ಎರಡನೆಯ ಮಾತಿಗೇ ತಡವರಿಸಿದಳು. ಆಯಿ ಬಿಡಲಿಲ್ಲ. "ಆವಿ ಆದ್ರ ಬಿಸಿ ಇರಬೇಕು. ಹರವಿ ಯಾಕ ತಣ್ಣಗ ಆಗತದ?" ಎಂದಳು. ಪರೀಕ್ಷೆಯಲ್ಲಿ ಯಾರೂ ಕೇಳದ ಪ್ರಶ್ನೆ!

ಕುಳಿತು ಯೋಚಿಸಿದೆವು. ನೀರಿನ ಕಣಗಳೆಲ್ಲ ಒಂದೇ ವೇಗದಿಂದ ಚಲಿಸುವುದಿಲ್ಲ. ಹರವಿಯ ಸಣ್ಣ ರಂಧ್ರಗಳಿಂದ ಹೊರಕ್ಕೆ ಜಿನುಗಿದ ನೀರಿನಲ್ಲಿ ಹೆಚ್ಚು ವೇಗದ ಕಣಗಳು ಗಾಳಿಗೆ ಹಾರಿಹೋಗುತ್ತವೆ. ನಿಧಾನದವು ಉಳಿಯುತ್ತವೆ. ವೇಗವೇ ಶಾಖವಾದುದರಿಂದ ಉಳಿದ ನೀರು ತಣ್ಣಗಾಗುತ್ತದೆ. ಒಂದು ಗ್ರಾಂ ನೀರು ಹೀಗೆ ಹಾರಿಹೋಗುವಾಗ ಸುಮಾರು 580 ಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಹತ್ತು ಲೀಟರಿನ ಹರವಿಯಿಂದ ಕೇವಲ 100 ಗ್ರಾಂ ನೀರು ಆರಿದರೆ, ಹೊರಗಿನ ಶಾಖ ಒಳಗೆ ಬಾರದಿದ್ದಲ್ಲಿ, ಉಳಿದ ನೀರು ಐದಾರು ಡಿಗ್ರಿಯಷ್ಟು ತಂಪಾಗಬೇಕು. ನಾವು ಆಯಿಗೆ ಇಷ್ಟು ಹೇಳಿದೆವು: "ಹೋಗೋ ನೀರು ಬಿಸಿಯನ್ನ ಬುತ್ತಿ ಕಟಕೊಂಡು ಹೋಗತದ, ಆಯಿ."

ಆಯಿಗೆ ಹಿಡಿಸಿತು. ಆದರೆ, "ಅಲ್ಲಿ ಹೋಗೋ ನೀರು ಇಲ್ಲ್ಯಾಕ ಹೋಗೂದಿಲ್ಲ?" ಎಂದಳು. ಇದಕ್ಕೆ ಉತ್ತರ ಶಾಲೆಯ ಪ್ರಯೋಗಾಲಯದಲ್ಲಿತ್ತು. ಎರಡು ಉಷ್ಣಮಾಪಕಗಳಲ್ಲಿ ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯ ತೇವವನ್ನು ಅಳೆಯುವ ಉಪಕರಣವನ್ನು ಗುರುಗಳು ತೋರಿಸಿದ್ದರು. ಹರವಿಯೂ ಅಂಥದೇ ಒದ್ದೆ ಬಟ್ಟೆಯ ಉಷ್ಣಮಾಪಕವಲ್ಲವೇ! ಗಾಳಿ 40 ಡಿಗ್ರಿ ಕಾದಿದ್ದು ಅದರಲ್ಲಿ ತೇವ ನೂರಕ್ಕೆ 20ರಷ್ಟಿದ್ದರೆ ಒದ್ದೆ ಬಟ್ಟೆಯ ಉಷ್ಣಮಾಪಕ 22 ಡಿಗ್ರಿಯವರೆಗೆ ಇಳಿಯಬಲ್ಲದು. ಬಯಲುಸೀಮೆಯ ಬೇಸಿಗೆಯ ಮಧ್ಯಾಹ್ನ ಅಂಥದು. ಗಾಳಿ 33 ಡಿಗ್ರಿಯೇ ಇದ್ದು ತೇವ ನೂರಕ್ಕೆ 70ರಷ್ಟಿದ್ದರೆ ಅದು 28 ಡಿಗ್ರಿಯ ಹತ್ತಿರವೇ ನಿಂತುಬಿಡುತ್ತದೆ. ಇದು ಸಮುದ್ರದ ಮಗ್ಗುಲಿನ ಮುಂಬಯಿ. ಊರು ಹೆಚ್ಚು ಸುಡುತ್ತಿದ್ದರೂ ಅಲ್ಲಿಯ ಹರವಿಯೇ ಹೆಚ್ಚು ತಂಪು. ಕುಂಬಾರನ ತಪ್ಪು ಏನೂ ಇಲ್ಲ.

ಇದನ್ನೆಲ್ಲ ಕೇಳಿ ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಂದ್ರ, ಅಲ್ಲಿ ಗಾಳಿಗೆ ನೀರಡಿಕಿ. ಇಲ್ಲಿ ಗಾಳಿ ಹೊಟ್ಟಿ ತುಂಬ ಕುಡದು ಕುಂತದ."

ನಾವು ಮುಖ ಮುಖ ನೋಡಿಕೊಂಡೆವು. ಸಾಪೇಕ್ಷ ಆರ್ದ್ರತೆ ಎಂಬುದನ್ನು ಇಷ್ಟು ಚೆನ್ನಾಗಿ ನಮಗೆ ಯಾರೂ ಹೇಳಿರಲಿಲ್ಲ. ನಾಲ್ಕನೆಯ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟ ಆಯಿ ನಮ್ಮ ಪಾಠವನ್ನು ನಮಗೇ ತಿಳಿಸಿಕೊಟ್ಟಳು.

ಎರಡನೆಯದು ಸಮುದ್ರದ ಪಾಠ. ಸೀಗಿ ಹುಣ್ಣಿಮೆಯ ಸಂಜೆ ಆಯಿಯನ್ನು ದಾದರದ ಸಮುದ್ರ ತೀರಕ್ಕೆ ಕರೆದೊಯ್ದೆವು. ಆರು ಗಂಟೆಯ ಸುಮಾರು. ನೀರು ಎಲ್ಲೋ ದೂರ ಸರಿದು ಮರಳೂ ಕೆಸರೂ ಕಾಣುತ್ತಿದ್ದವು. ಒಂದು ವಾರ ಕಳೆದು ಅಷ್ಟಮಿಯಂದು ಅದೇ ಹೊತ್ತಿಗೆ ಹೋದರೆ ನೀರು ಹತ್ತಿರಕ್ಕೇ ಬಂದಿತ್ತು. "ಆವತ್ತ ಈ ನೀರು ಎಲ್ಲಿ ಹೋಗಿತ್ತು?" ಎಂದು ಆಯಿ ಬೆರಗಾದಳು. ಸಮುದ್ರಕ್ಕೂ ಬಂದುಹೋಗುವ ಹೊತ್ತು ಇದೆಯೆಂಬುದನ್ನು ಆಕೆ ಕಂಡದ್ದು ಇದೇ ಮೊದಲು.

ಚಂದ್ರನ ಆಕರ್ಷಣೆಯಿಂದ ಸಮುದ್ರ ಉಬ್ಬುತ್ತದೆಂದು ನಮಗೆ ಗೊತ್ತಿತ್ತು, ಚಿತ್ರವನ್ನೂ ಬರೆಯಬಲ್ಲೆವು. ಕನ್ನಡದಲ್ಲಿ ಇದಕ್ಕೇನೆನ್ನುತ್ತಾರೆಂಬುದು ಮಾತ್ರ ತಿಳಿಯದು. ಭಾನುವಾರ ಸಂಘದ ವಾಚನಾಲಯಕ್ಕೆ ಹೋಗಿ ನಿಘಂಟು ತೆಗೆದೆವು. ಉಬ್ಬರ, ಇಳಿತ, ಎಷ್ಟು ಸರಳವಾದ ಮಾತು! ಅದೇ ಕಪಾಟಿನಲ್ಲಿ ಶಿವರಾಮ ಕಾರಂತರ ‘ಬಾಲಪ್ರಪಂಚ’ ಕಂಡಿತು. 1936ರಷ್ಟು ಹಿಂದೆಯೇ ಕನ್ನಡದ ಮಕ್ಕಳಿಗೆಂದು ಲೋಕದ ವಿಷಯಗಳನ್ನು ಕನ್ನಡದಲ್ಲಿ ಬರೆದಿಟ್ಟ ಹಿರಿಯರಿದ್ದರು. ಮಾತು ಇಲ್ಲವೆಂದು ನಾವು ಅಂದುಕೊಂಡುದು ತಪ್ಪು. ಮಾತು ಇತ್ತು, ನಾವು ಹುಡುಕಿರಲಿಲ್ಲ.

ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದುದರಿಂದ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಆಯಿ ಪಂಚಾಂಗ ತೆಗೆದಳು. "ಚಂದ್ರಂದ ಕೆಲಸ ಅಂದಮ್ಯಾಲ ತಿಥಿ ನೋಡಬೇಕು. ತಾರೀಖ ನೋಡಿದ್ರ ಏನ ತಿಳೀತದ?" ಎಂದಳು. ನಮ್ಮ ಗೋಡೆಯ ಮೇಲಿನ ಆ ಪಂಚಾಂಗವನ್ನು ನಾವು ರಜೆಯ ದಿನ ನೋಡಲಷ್ಟೇ ಬಳಸಿದ್ದೆವು.

ಮತ್ತೊಮ್ಮೆ ತೀರಕ್ಕೆ ಹೋದಾಗ ಬಲೆ ಸರಿಮಾಡುತ್ತಿದ್ದ ಕೋಳಿ ಮುದುಕರೊಬ್ಬರನ್ನು ಮಾತನಾಡಿಸಿದೆವು. ಅವರು ಮರಾಠಿಯಲ್ಲಿ ತಮ್ಮ ಲೆಕ್ಕ ಹೇಳಿದರು: ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರದ ಗಂಟೆ. ಚೌತಿಯಂದು ಮೂರು ಗಂಟೆಗೆ, ಅಷ್ಟಮಿಯಂದು ಆರು ಗಂಟೆಗೆ, ಹಗಲೂ ಇರುಳೂ. ಹುಣ್ಣಿಮೆ ಅಮಾವಾಸ್ಯೆಗಳಂದು ಹನ್ನೆರಡರ ಆಸುಪಾಸಿನಲ್ಲಿ ತುಂಬಿದ ನೀರು ಸಂಜೆ ಆರಕ್ಕೆ ಪೂರಾ ಇಳಿದಿರುತ್ತದೆ. ಆಯಿ ಸೀಗಿ ಹುಣ್ಣಿಮೆಯಂದು ಕಂಡುದು ಇದನ್ನೇ.

ಮುಕ್ಕಾಲು ಗಂಟೆಯೆಂದರೆ 45 ನಿಮಿಷ. ನಮ್ಮ ಪುಸ್ತಕದ್ದು 50. ದಿನಕ್ಕೆ ಐದು ನಿಮಿಷದ ತಪ್ಪು ಕೂಡುತ್ತ ಹೋಗಬೇಕಲ್ಲವೇ ಎಂದು ನಾವು ಕೇಳಿದೆವು. ಉತ್ತರ ಹೊಳೆದದ್ದು ಆಯಿಗೆ: "ಹುಣ್ಣಿಮಿ ಆದಮ್ಯಾಲ ಮತ್ತ ಪಾಡ್ಯದಿಂದ ಎಣಸತೀವಿ." ಹದಿನೈದು ದಿನಕ್ಕೊಮ್ಮೆ ಎಣಿಕೆ ಹೊಸದಾಗುವುದರಿಂದ ತಪ್ಪು ಬೆಳೆಯಲು ಎಡೆಯಿಲ್ಲ. ಆದರೆ ಇದು ಮುಂಬಯಿಯ ಕರಾವಳಿಯ ಲೆಕ್ಕ. ದಡದ ಆಕಾರ, ಕಡಲಿನ ಆಳಗಳಿಗೆ ತಕ್ಕಂತೆ ಬೇರೆ ರೇವಿನಲ್ಲಿ ಹೊತ್ತು ಬೇರೆ. ಚೆನ್ನೈಯ ವಾಚಕರು ಇದನ್ನು ನಂಬಿ ಕಡಲಿಗೆ ಹೋಗಬಾರದು. ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ಉಬ್ಬರ ಹೆಚ್ಚುತ್ತದೆ. ಆ ಹೊತ್ತಿನಲ್ಲಿ ಜೋರು ಮಳೆಯೂ ಕೂಡಿಬಂದರೆ ಈ ಊರಿನ ಚರಂಡಿಯ ನೀರು ಕಡಲಿಗೆ ಇಳಿಯಲಾರದೆ ಬೀದಿಯಲ್ಲಿ ನಿಲ್ಲುತ್ತದೆ. ಈಗ ಮಳೆಗಾಲದಲ್ಲಿ ನಾವು ಶಾಲೆಗೆ ಹೊರಡುವಾಗ ಆಯಿಯ ಪಂಚಾಂಗವನ್ನು ಒಮ್ಮೆ ನೋಡುತ್ತೇವೆ.

ಚಳಿಗಾಲದಲ್ಲಿ ಹೀಗೆಯೇ ಪಾಠಗಳು ಸಾಗಿದವು. ಜೋಳದ ರೊಟ್ಟಿ ಉಬ್ಬುವುದೇಕೆ? ಒಳಗಿನ ನೀರು ಉಗಿಯಾದಾಗ 1,600 ಪಟ್ಟಿಗೂ ಮೀರಿ ಹಿಗ್ಗುವುದರಿಂದ. ಚಳಿಯಲ್ಲಿ ಹಾಲು ತಡವಾಗಿ ಹೆಪ್ಪಾಗುವುದೇಕೆ? ಹಾಲಿನ ಸಕ್ಕರೆಯನ್ನು ಹುಳಿ ಮಾಡುವ ಸೂಕ್ಷ್ಮಜೀವಿಗಳು ಚಳಿಗೆ ಮಂದವಾಗುವುದರಿಂದ. ಆಯಿ ಊರಿನ ಮಾತನ್ನು ಬಿಟ್ಟಳೆಂದು ನಾವು ಸಂತೋಷಪಟ್ಟೆವು. ಆದರೆ ಏಪ್ರಿಲಿನಲ್ಲಿ ಆಕೆ ಹೊರಟೇಬಿಟ್ಟಳು. ಮನೆಯ ಹಂಚು ಸರಿಮಾಡಿಸಬೇಕು, ಬೀಗ ಹಾಕಿದ ಮನೆ ಹಾಳಾಗುತ್ತದೆ ಎಂದು ನೆಪ. ಮರಳಿ ಬರುವಳೋ ಇಲ್ಲವೋ ಎಂದು ಕೇಳಲು ನಮಗೆ ಧೈರ್ಯ ಬರಲಿಲ್ಲ. ಮೂರನೆಯ ಪಾಠ ನಡೆದುದು ಆಕೆ ಅಲ್ಲಿ, ನಾವು ಇಲ್ಲಿ ಇದ್ದಾಗ.

ಊರಲ್ಲಿ ಆಯಿ ಅಂಗಳದ ನೆರಳು ನೋಡಿ ಹೊತ್ತು ಹೇಳುತ್ತಾಳೆ. "ನೆರಳು ಕಾಲಾಗ ಬಂತಂದ್ರ ಊಟದ ಹೊತ್ತು" ಎಂಬುದು ಆಕೆಯ ಮಾತು. ಆದರೆ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ಕಂಬದ ನೆರಳು ಪೂರಾ ಮಾಯವಾಗುವುದು ನಮ್ಮ ಸೀಮೆಯಲ್ಲಿ ವರುಷಕ್ಕೆ ಎರಡೇ ದಿನ. ಸೂರ್ಯನು ಉತ್ತರಕ್ಕೆ ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ. ವಿಜಯಪುರದಲ್ಲಿ ಮೊದಲನೆಯ ದಿನ ಮೇ 7ರ ಸುಮಾರಿಗೆ. ಮುಂಬಯಿಯಲ್ಲಿ ಮೇ 15–16ರ ಸುಮಾರಿಗೆ.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಎರಟೋಸ್ತನೀಸ್ ಎಂಬ ಪಂಡಿತನು ಇಂಥ ನೆರಳಿನಿಂದಲೇ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ ಕಥೆ ನಮ್ಮ ಪಾಠದಲ್ಲಿತ್ತು. ದಕ್ಷಿಣದ ಸಯೀನ್ ಊರಿನಲ್ಲಿ ನೆರಳಿಲ್ಲದ ದಿನ ಅಲೆಕ್ಸಾಂಡ್ರಿಯದಲ್ಲಿ ಸೂರ್ಯನು ನೆತ್ತಿಯಿಂದ 7.2 ಡಿಗ್ರಿ ಓರೆಯಾಗಿದ್ದನು. ಅದು ಪೂರ್ಣ ವೃತ್ತದ ಐವತ್ತನೆಯ ಒಂದು ಪಾಲು. ಆದುದರಿಂದ ಎರಡೂ ಊರುಗಳ ದೂರದ ಐವತ್ತು ಪಟ್ಟು ಭೂಮಿಯ ಸುತ್ತಳತೆ. ನಾವು ಇದನ್ನು ಪರೀಕ್ಷೆಗೆ ಬರೆದು ಮರೆತಿದ್ದೆವು. ಈಗ ಹೊಳೆಯಿತು: ಆಯಿ ವಿಜಯಪುರದಲ್ಲಿದ್ದಾಳೆ, ನಾವು ಉತ್ತರಕ್ಕಿದ್ದೇವೆ!

ದೂರವಾಣಿಯಲ್ಲಿ ಆಯಿಗೆ ಹೇಳಿದೆವು. ಆಕೆ ಅಂಗಳದಲ್ಲಿ ಒನಕೆಯನ್ನು ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಓರೆಯಿಲ್ಲವೆಂದು ನೋಡಿಕೊಳ್ಳಬೇಕು. ಹೊತ್ತು ಹನ್ನೆರಡಲ್ಲ, 12 ಗಂಟೆ 23 ನಿಮಿಷ. "ಅದ್ಯಾಕ?" ಎಂದಳು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ವಿಜಯಪುರ ಅದಕ್ಕಿಂತ ಸುಮಾರು 6.8 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ 27 ನಿಮಿಷ ತಡ. ಮೇ ತಿಂಗಳ ಆ ದಿನಗಳಲ್ಲಿ ಸೂರ್ಯನು ಗಡಿಯಾರಕ್ಕಿಂತ ಮೂರೂವರೆ ನಿಮಿಷ ಮುಂದಿರುವುದನ್ನು ಅದರಲ್ಲಿ ಕಳೆಯಬೇಕು. "ಅಂದ್ರ ಗಡಿಯಾರ ನಮ್ಮ ಊರಿಂದಲ್ಲ, ನೆರಳು ನಮ್ಮ ಊರಿಂದು" ಎಂದು ಆಯಿ ತೀರ್ಪು ಕೊಟ್ಟಳು.

ಮೇ 7ರಂದು ನಾವು ಒಂದು ಮೀಟರ್ ಉದ್ದದ ಕೋಲನ್ನು ಹಿಡಿದು ಮಾಳಿಗೆಯ ಮೇಲೆ ನಿಂತೆವು. ಊರಿಂದ ಕರೆ ಬಂತು. ಆಯಿಯ ದನಿ ಮೊದಲು ಕೇಳಲಿಲ್ಲ. ಬಳಿಕ ಒಮ್ಮೆಗೇ, "ನುಂಗತು! ಒನಕಿ ತನ್ನ ನೆರಳು ತಾನ ನುಂಗತು! ಇಷ್ಟು ವರ್ಷ ಇದ ಅಂಗಳದಾಗ ಬೀಸೀನಿ, ಕುಟ್ಟೀನಿ, ಇದನ್ನ ಒಮ್ಮಿನೂ ನೋಡಿರಲಿಲ್ಲ" ಎಂದು ಕೂಗಿದಳು. ಹನ್ನೆರಡು ನಿಮಿಷದ ತರುವಾಯ, ಮುಂಬಯಿಯ ನಡುಹಗಲು 12 ಗಂಟೆ 35 ನಿಮಿಷಕ್ಕೆ ನಮ್ಮ ಕೋಲಿನ ನೆರಳನ್ನು ಅಳೆದೆವು. ಉತ್ತರಕ್ಕೆ ಸುಮಾರು 4 ಸೆಂಟಿಮೀಟರ್.

ತ್ರಿಕೋಣಮಿತಿಯ ಕೋಷ್ಟಕದಂತೆ ಅದು 2.3 ಡಿಗ್ರಿಯ ಕೋನ. ನಕಾಶೆಯಲ್ಲಿ ದಕ್ಷಿಣೋತ್ತರವಾಗಿ ಅಳೆದರೆ ಎರಡೂ ಊರುಗಳ ನಡುವೆ ಸುಮಾರು 245 ಕಿಲೋಮೀಟರ್. 360ನ್ನು 2.3ರಿಂದ ಭಾಗಿಸಿ 245ರಿಂದ ಗುಣಿಸಿದಾಗ 38,000 ಕಿಲೋಮೀಟರಿಗಿಂತ ತುಸು ಹೆಚ್ಚು ಬಂದಿತು. ನಿಜವಾದ ಸುತ್ತಳತೆ ಸುಮಾರು 40,000. ನಾವು ಕುಣಿದಾಡಿದೆವು. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇದರಲ್ಲಿ ಅದೃಷ್ಟದ ಪಾಲೂ ಉಂಟು. ಸೂರ್ಯನು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದುದರಿಂದ ನೆರಳಿನ ತುದಿ ಮಸುಕು. ಅರ್ಧ ಸೆಂಟಿಮೀಟರ್ ಕಡಿಮೆ ಓದಿದ್ದರೆ ಉತ್ತರ 44,000 ಆಗುತ್ತಿತ್ತು. ಅಳತೆಯೊಂದಿಗೆ ಅದರ ತಪ್ಪು ಎಷ್ಟಿರಬಹುದೆಂಬುದನ್ನೂ ಹೇಳಬೇಕೆಂದು ಗುರುಗಳು ಸಾರಿ ಸಾರಿ ಹೇಳುವುದು ಏತಕ್ಕೆಂದು ಅಂದು ತಿಳಿಯಿತು.

ವಾಚಕರ ಮನೆಯ ಮಕ್ಕಳೂ ಇದನ್ನು ಮಾಡಿ ನೋಡಬಹುದು. ಬೆಂಗಳೂರು, ಚೆನ್ನೈಗಳಲ್ಲಿ ಏಪ್ರಿಲ್ 24–25, ಹೈದರಾಬಾದಿನಲ್ಲಿ ಮೇ 9, ಪುಣೆಯಲ್ಲಿ ಮೇ 13–14ರ ಸುಮಾರಿಗೆ ನೆರಳು ಮಾಯವಾಗುತ್ತದೆ. ವರುಷದ ಎರಡನೆಯ ದಿನ ಜುಲೈ-ಆಗಸ್ಟಿನಲ್ಲಿ ಬರುವುದರಿಂದ ಮೋಡದ ಕೃಪೆ ಬೇಕು. ದಿಲ್ಲಿಯ ಗೆಳೆಯರಿಗೆ ಮಾತ್ರ ಈ ಭಾಗ್ಯವಿಲ್ಲ. ದಿಲ್ಲಿ ಕರ್ಕಾಟಕ ವೃತ್ತದಿಂದ ಉತ್ತರಕ್ಕಿರುವುದರಿಂದ ಅಲ್ಲಿ ಸೂರ್ಯನು ನೆತ್ತಿಗೆ ಬರುವುದೇ ಇಲ್ಲ. ಜೂನ್ 21ರ ನಡುಹಗಲಿಗೂ ಮೀಟರ್ ಕೋಲಿಗೆ ಒಂಬತ್ತು ಸೆಂಟಿಮೀಟರ್ ನೆರಳು ಉಳಿಯುತ್ತದೆ. ಅವರು ಊರಿನ ಅಜ್ಜಿಗೆ ಕರೆ ಮಾಡಿ ಕೇಳಬೇಕು. ಅಜ್ಜಿಯ ಅಂಗಳದಲ್ಲಿ ಅದು ಖಂಡಿತ ನಡೆಯುತ್ತದೆ.

ನಾವು ಕಲಿತ ವಿಜ್ಞಾನ ಇಷ್ಟು. ಪಾಠವನ್ನು ಮನೆಯ ಮಾತಿನಲ್ಲಿ, ಮನೆಯವರು ಒಬ್ಬರಿಗೆ ತಿಳಿಯುವಂತೆ ಹೇಳಲಾಗದಿದ್ದರೆ ಅದು ಇನ್ನೂ ಪುಸ್ತಕದ್ದೇ, ನಮ್ಮದಲ್ಲ. ಇಂಗ್ಲಿಷಿನಲ್ಲಿ ಕಲಿಯುವುದು ಈ ಊರಿನಲ್ಲಿ ನಮಗೆ ತಪ್ಪಿದ್ದಲ್ಲ. ಕಲಿತುದನ್ನು ಆಯಿಗೆ ಒಪ್ಪಿಸುವುದು ನಮ್ಮ ಕೈಯಲ್ಲಿದೆ.

ಅಂದು ಕರೆ ಮುಗಿಸುವ ಮೊದಲು ತಂಗಿ ಕೇಳಿಯೇಬಿಟ್ಟಳು: "ಆಯಿ, ನೀ ಯಾವಾಗ ಬರತಿ?"

ಆಯಿ ತುಸು ತಡೆದು ಹೇಳಿದಳು: "ಕಾರಹುಣ್ಣಿಮಿ ಮುಗಿಸಿಕೊಂಡು ಬರತೀನಿ. ಅಷ್ಟರಾಗ ಒಂದು ಹೊಸಾ ಪಾಠ ತಯಾರ ಮಾಡಿ ಇಡ್ರಿ. ಹರವಿಗೆ ನೀರು ತುಂಬೂದು ಮರೀಬ್ಯಾಡ್ರಿ."

ಕಾರಹುಣ್ಣಿಮೆಯ ಮುಂದಿನ ವಾರ ಅಪ್ಪ ನಿಲ್ದಾಣಕ್ಕೆ ಹೋಗಿ ಆಕೆಯನ್ನು ಕರೆತಂದರು. ಚೀಲದಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಅವುಗಳ ಮೇಲೆ ಹೊಸ ವರುಷದ ಪಂಚಾಂಗ ಇದ್ದವು. ಕಾಲು ತೊಳೆದು ಕೂರುವ ಮೊದಲೇ ಆಯಿ ನಮ್ಮಿಬ್ಬರನ್ನೂ ಕರೆದು ಕೇಳಿದಳು: "ಹೂಂ, ಏನ ಕಲತ್ರಿ?"